ನಮ್ಮ ಅತ್ತಿಗೆ ಹೊಲಿದ ಮಖಮಲ್ಲಿನ ಪರದೆ

ನಮ್ಮ ಅತ್ತಿಗೆಗೆ ಸುಕ್ಕು ಎಂದರೆ ಆಗಿಬರುವುದಿಲ್ಲ. ಬಟ್ಟೆಯ ಸುಕ್ಕಷ್ಟೇ ಅಲ್ಲ. ನಾನು ಯಾವುದೋ ಬಾಗಿಲ ಚೌಕಟ್ಟಿನ ಅಳತೆ ಯೋಚಿಸುತ್ತ ಹುಬ್ಬು ಗಂಟಿಕ್ಕಿ ಕುಳಿತರೂ, "ಏನಯ್ಯ ಬಡಗಿ, ಆ ಹಣೆ ಬಿಡಿಸ್ಕೋ. ಇಲ್ಲಾಂದ್ರೆ ಪೆಟ್ಟಿಗೆ ತಂದು ನಾನೇ ಬಿಡಿಸ್ತೀನಿ" ಎನ್ನುತ್ತಾರೆ. ಪೆಟ್ಟಿಗೆ ಎಂದರೆ ಇದ್ದಿಲು ತುಂಬುವ ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ. ಅದನ್ನು ಎತ್ತಲು ನನಗೇ ಎರಡು ಕೈ ಬೇಕು. ಅವರು ಎಡಗೈಯಲ್ಲಿ ಅದನ್ನು ಓಡಿಸುತ್ತ, ಬಲಗೈಯಲ್ಲಿ ನೀರು ಚಿಮುಕಿಸುತ್ತ, ಬಾಯಲ್ಲಿ ಬೀದಿಯ ಸುದ್ದಿಯನ್ನೆಲ್ಲ ಮಗುಚಿ ಹಾಕುತ್ತಾರೆ.

ಆ ಪೆಟ್ಟಿಗೆ ಮೊದಲು ನಮ್ಮಣ್ಣನದು. ಅಣ್ಣ ತೀರಿಕೊಂಡಾಗ ಬಂದವರೆಲ್ಲ ಅದನ್ನು ಮಾರಿಬಿಡು ಎಂದರು. ಹೆಂಗಸಿನ ಕೈಗೆ ಭಾರ ಎಂದರು. ಅತ್ತಿಗೆ ಮಾತಿಗೆ ಮಾತು ಬೆಳೆಸಲಿಲ್ಲ. ಬಂದವರು ಹೋದ ಮೇಲೆ ನನ್ನನ್ನು ಕರೆದು, "ಮೈದುನಪ್ಪಾ, ನಿಮ್ಮಣ್ಣ ಬಲಗೈಯವರು, ನಾನು ಎಡಚಿ. ಮೇಜನ್ನ ಆ ಗೋಡೆಯಿಂದ ಈ ಗೋಡೆಗೆ ತಿರುಗಿಸಿ ಹಾಕು" ಎಂದರು. ತಿರುಗಿಸಿ ಹಾಕಿದೆ. ಅಂಗಡಿ ಮತ್ತೆ ನಡೆಯಿತು.

ಅಂಗಡಿ ಎಂದರೆ ನಮ್ಮ ಬಡಾವಣೆಯ ಸಭಾಭವನದ ಹೊರಮೆಟ್ಟಿಲ ಕೆಳಗಿನ ಜಾಗ. ಮುಂದೆ ನಿಂತರೆ ತಲೆ ತಾಗದು, ಹಿಂದೆ ಹೋಗುತ್ತ ಹೋಗುತ್ತ ಮೆಟ್ಟಿಲು ತಗ್ಗುತ್ತದೆ, ಕೊನೆಗೆ ಇದ್ದಿಲಿನ ಚೀಲವಷ್ಟೇ ಹಿಡಿಯುತ್ತದೆ. ಬೇರೆ ಯಾರಾದರೂ ಒಳಗೆ ಹೊಕ್ಕರೆ ಹಣೆ ಒಡೆದುಕೊಂಡೇ ಹೊರಬರುತ್ತಾರೆ. ಅತ್ತಿಗೆಯ ಮೈಗೆ ಆ ಇಳಿಜಾರು ಗೊತ್ತು. ಎಲ್ಲಿ ಬಾಗಬೇಕೋ ಅಲ್ಲಿ ಮಾತು ನಿಲ್ಲಿಸದೆ ಬಾಗುತ್ತಾರೆ. ಮನುಷ್ಯರ ಮುಂದೆ ಅವರು ಬಾಗಿದ್ದನ್ನು ನಾನು ಕಂಡಿಲ್ಲ.

ಈಚೆಗೆ ಬಟ್ಟೆ ಬರುವುದು ಕಡಿಮೆಯಾಗಿತ್ತು. ಜನ ಸುಕ್ಕೇ ಬೀಳದ ಬಟ್ಟೆ ತೊಡುತ್ತಾರೆ, ಬಿದ್ದರೂ ನಾಚುವುದಿಲ್ಲ. ಆ ಹೊತ್ತಿಗೆ ಸಭಾಭವನದ ವೇದಿಕೆಯ ಪರದೆ ಬಿತ್ತು. ಬಿತ್ತು ಎಂದರೆ ನಿಜವಾಗಿಯೂ ಬಿತ್ತು. ನಮ್ಮ ಬೀದಿಯವರು ಆಡುತ್ತಿದ್ದ ನಾಟಕದಲ್ಲಿ ರಾಜ ಕತ್ತಿ ಎತ್ತಿ ಅಬ್ಬರಿಸುತ್ತಿದ್ದಾಗ, ಇಲಿ ತಿಂದು ಜಾಳಾಗಿದ್ದ ಆ ಹಳೆಯ ಬಟ್ಟೆ ನಡುವೆ ಸೀಳಿಕೊಂಡು ಅವನ ಮೇಲೆಯೇ ಕವಿದುಕೊಂಡಿತು. ರಾಜ ಒಳಗಿನಿಂದ ಕೆಮ್ಮುತ್ತ, "ಯಾರಾದ್ರೂ ಬಿಡಿಸ್ರೋ" ಎಂದು ಕೂಗಿದ. ಜನ ಅದನ್ನು ನಾಟಕದ ಮಾತೆಂದು ತಿಳಿದು ಚಪ್ಪಾಳೆ ಹೊಡೆದರು.

ಮಾರನೆಯ ದಿನ ಭವನದ ಅಧ್ಯಕ್ಷರು ಮೆಟ್ಟಿಲ ಬಳಿ ಬಂದು ನಿಂತರು. ಅಧ್ಯಕ್ಷರು ಕೆಟ್ಟವರೇನಲ್ಲ. ಹೊಸದೇನು ಕಂಡರೂ ಅದು ತಮ್ಮ ಭವನದಲ್ಲಿ ಇರಬೇಕೆನ್ನುವ ಚಪಲ ಅವರಿಗೆ. "ಅಕ್ಕಾ, ಇಲ್ಲಿ ತಂಪು ಪಾನೀಯದ ಮಷೀನು ಕೂರಿಸ್ತೀವಿ. ಗುಂಡಿ ಒತ್ತಿದ್ರೆ ಬಾಟ್ಲಿ ಬೀಳುತ್ತೆ. ಅದ್ರಿಂದ ಬರೋ ಆದಾಯದಲ್ಲಿ ಪರದೆ, ಬೆಳಕು ಎಲ್ಲಾ ಮಾಡ್ಬಹುದು. ನಿಮಗೂ ವಯಸ್ಸಾಯ್ತಲ್ಲ" ಎಂದರು.

"ನಂಗೆ ವಯಸ್ಸಾಗಿದ್ದನ್ನ ನೀವು ಯಾಕೆ ಹೊತ್ಕೊಂಡು ತಿರುಗ್ತೀರಿ? ಕೆಳಗಿಡಿ" ಎಂದರು ಅತ್ತಿಗೆ. "ಪರದೆ ತಾನೆ ಬೇಕಾಗಿರೋದು? ನಾನು ಮಾಡ್ಕೊಡ್ತೀನಿ."

"ನೀವು ಇಸ್ತ್ರಿ ಮಾಡೋರು. ಪರದೆ ಎಲ್ಲಿಂದ ತರ್ತೀರಿ?"

"ಬಟ್ಟೆ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೀನಿ. ಅದಕ್ಕೊಂದು ಹೊಲಿಗೆ ಹಾಕೋಕೆ ಬರಲ್ವಾ?"

ಸುತ್ತ ನಿಂತವರು ನಕ್ಕರು. ಅಧ್ಯಕ್ಷರೂ ನಕ್ಕು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಸರಿ ಕಣಕ್ಕಾ. ಮಷೀನು ಬರೋದು ಬಂದೇ ಬರುತ್ತೆ. ಆದ್ರೆ ನಿಮ್ಮ ಪರದೆ ಮುಗಿಯೋವರೆಗೂ ನಿಮ್ಮನ್ನ ಯಾರೂ ಏಳು ಅನ್ನಲ್ಲ. ಮುಗಿದ ಮೇಲೆ ಜಾಗ ಖಾಲಿ ಮಾಡ್ಬೇಕು."

"ಮುಗಿದ ಮೇಲಿನ ಮಾತು ಮುಗಿದ ಮೇಲೆ" ಎಂದು ಅತ್ತಿಗೆ ಇದ್ದಿಲು ಕೆದಕಿದರು.

ಆ ಜಾಗ ಹೋದರೆ ಅತ್ತಿಗೆ ಮನೆಯಲ್ಲಿ ಕೂರಬೇಕು. ನಮ್ಮ ಮನೆ ಚಿಕ್ಕದು, ನನ್ನ ಹೆಂಡತಿ ಒಳ್ಳೆಯವಳು, ಅನ್ನಕ್ಕೇನೂ ಕೊರತೆಯಿಲ್ಲ. ಆದರೆ ಕೂತು ತಿನ್ನು ಎಂದು ಅತ್ತಿಗೆಗೆ ಹೇಳುವುದೂ ಒಂದೇ, ಇದ್ದಿಲಿಗೆ ನೀರು ಸುರಿಯುವುದೂ ಒಂದೇ.

ಊರ ಇನ್ನೊಂದು ತುದಿಯಲ್ಲಿ ಒಂದು ಸಿನಿಮಾ ಟಾಕೀಸು ಮುಚ್ಚಿತ್ತು. ಅದರ ಕುರ್ಚಿಗಳನ್ನೆಲ್ಲ ಗುಜರಿಯವನು ಎತ್ತಿಕೊಂಡು ಬಂದು ರಾಶಿ ಹಾಕಿದ್ದ. ಅವನಿಗೆ ಬೇಕಾದದ್ದು ಕಬ್ಬಿಣ. ಮೇಲಿನ ಕಡುಗೆಂಪು ಮಖಮಲ್ಲು ಅವನ ಕಣ್ಣಿಗೆ ಕಸ. ಅತ್ತಿಗೆ ನನ್ನ ತಳ್ಳುಗಾಡಿ ಹೊರಡಿಸಿದರು.

ಗುಜರಿಯವನು, "ಎಲ್ಲಾ ಬಾಚ್ಕೊಂಡು ಹೋಗಮ್ಮ, ನನಗೂ ಸುಲಿಯೋ ಕೆಲಸ ತಪ್ಪುತ್ತೆ" ಎಂದ.

"ಎಲ್ಲಾ ಯಾಕಪ್ಪ? ಕೂರೋ ಭಾಗ ನೀನೇ ಇಟ್ಕೋ. ಊರಿನವರೆಲ್ಲ ಅದನ್ನ ಉಜ್ಜಿ ಉಜ್ಜಿ ಬೋಳು ಮಾಡಿದ್ದಾರೆ. ನಂಗೆ ಬೆನ್ನಿನ ಭಾಗ ಸಾಕು. ಸಿನಿಮಾ ನೋಡೋರು ಬೆನ್ನು ಒರಗಿಸೋದು ಕಮ್ಮಿ, ಮುಂದೆ ಬಾಗೇ ನೋಡ್ತಾರೆ."

ನೋಡಿದರೆ ಹೌದು. ಬೆನ್ನಿನ ಮಖಮಲ್ಲು ಎಲ್ಲ ಹೊಸದರ ಹಾಗೆಯೇ ಇತ್ತು. ಸುಲಿದು, ಮೊಳೆ ಕಿತ್ತು, ಗಾಡಿ ತುಂಬ ತಂದೆವು. ಮನೆಗೆ ಬರುವಷ್ಟರಲ್ಲಿ ಇಬ್ಬರ ಮೂಗಿನಲ್ಲೂ ಟಾಕೀಸಿನ ಧೂಳು. ಅತ್ತಿಗೆ ಒಗೆದರು, ಒಣಗಿಸಿದರು. ಒಣಗಿದ ತುಂಡುಗಳು ಹಪ್ಪಳದ ಹಾಗೆ ಮುದುರಿದ್ದವು.

ಮುದುರಿದ ಬಟ್ಟೆ ಕಂಡರೆ ಅವರು ಏನು ಮಾಡುತ್ತಾರೆ? ನೀರು ಚಿಮುಕಿಸಿ, ಪೆಟ್ಟಿಗೆ ಕಾಯಿಸಿ, ಭಾರ ಬಿಟ್ಟು ಒತ್ತಿದರು. ಆ ತಪ್ಪು ದರ್ಜಿ ಮಾಡುತ್ತಿರಲಿಲ್ಲ, ನಾನೂ ಮಾಡುತ್ತಿರಲಿಲ್ಲ. ಜೀವಮಾನವೆಲ್ಲ ಸುಕ್ಕಿನ ಮೇಲೆ ಕತ್ತಿ ಮಸೆದವರಷ್ಟೇ ಮಾಡಬಲ್ಲ ತಪ್ಪು ಅದು. ಅವರಿಗೆ ಅಂಗಿ ಗೊತ್ತು, ಪ್ಯಾಂಟು ಗೊತ್ತು, ರೇಷ್ಮೆಯೂ ಗೊತ್ತು. ಮಖಮಲ್ಲು ತೊಟ್ಟವರು ನಮ್ಮ ಬೀದಿಯಲ್ಲಿ ಯಾರಿದ್ದರು? ಮಖಮಲ್ಲಿನ ಅಂದವೆಲ್ಲ ಎದ್ದು ನಿಂತ ಅದರ ಕೂದಲಿನಲ್ಲಿದೆ. ಪೆಟ್ಟಿಗೆ ಹೋದಲ್ಲೆಲ್ಲ ಕೂದಲು ಮಲಗಿ, ನಡುವೆ ಪೆಟ್ಟಿಗೆಯದೇ ಆಕಾರ ಹೊಳೆಯುತ್ತ ಉಳಿಯಿತು. ಮೊದಲ ತುಂಡು ನೋಡಿಯೇ ನಿಲ್ಲಿಸಬೇಕಿತ್ತು. ಅವರು ತಣ್ಣಗಾದ ಮೇಲೆ ಸರಿಹೋಗುತ್ತದೆ ಎಂದುಕೊಂಡು ರಾಶಿಯಲ್ಲಿ ಕಾಲುಭಾಗ ಒತ್ತಿಬಿಟ್ಟಿದ್ದರು.

ಪಕ್ಕದ ದರ್ಜಿ ಬಂದು ನೋಡಿದ. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ನಕ್ಕ. "ಚಿಕ್ಕಮ್ಮಾ, ಪರದೆಗೆ ಬೊಕ್ಕತಲೆ ಬಂದಿದೆ!" ಆಮೇಲೆ ಪಾಪ, ಸಹಾಯಕ್ಕೆಂದೇ ಹೇಳಿದ: "ಒಂದು ಕೆಲಸ ಮಾಡಿ. ಉಳಿದಿದ್ದಕ್ಕೂ ಸಾಲಾಗಿ ಇದೇ ಗುರುತು ಒತ್ತಿಬಿಡಿ. ಎಲೆ ಥರ ಕಾಣುತ್ತೆ. ಹೊಸ ಡಿಸೈನ್ ಅಂತ ಹೇಳಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲ" ಎಂದರು ಅತ್ತಿಗೆ. "ಸುಟ್ಟ ಅಂಗಿ ಕೈಲಿಟ್ಟು ಇದು ಹೂವು ಅಂತ ಯಾರಿಗೂ ನಾನು ಹೇಳಿಲ್ಲ. ಇವತ್ತೂ ಹೇಳಲ್ಲ. ಕೆಟ್ಟಿದ್ದು ಕೆಟ್ಟಿದ್ದೇ. ನೆಟ್ಟಗೆ ಮಾಡಕ್ಕಾಗುತ್ತಾ, ಅದನ್ನ ಹೇಳು."

ದರ್ಜಿಗೆ ಗೊತ್ತಿರಲಿಲ್ಲ. ನನಗೂ ಇಲ್ಲ. ಅತ್ತಿಗೆ ಒಂದಿಡೀ ವಾರ ಆ ಬೋಳು ತುಂಡುಗಳನ್ನು ಏನೇನು ಮಾಡಿದರೆಂದು ನಾನು ಕಂಡಿದ್ದೇನೆ. ಬ್ರಷ್ಷಿನಲ್ಲಿ ತಿಕ್ಕಿದರು. ನೀರಲ್ಲಿ ನೆನೆಸಿದರು. ಬಿಸಿಲಿಗೆ ಹಾಕಿದರು. ಬಾಯಿಗೆ ಬಂದಂತೆ ಬೈದರು. ಕೊನೆಗೆ ಒಂದು ದಿನ ಸ್ನಾನದ ನೀರು ಮರಳುತ್ತಿದ್ದ ಹಂಡೆಯ ಮೇಲೆ ಒಂದು ತುಂಡನ್ನು ಬೆನ್ನು ಕೆಳಗಾಗಿ ಹಿಡಿದರು. ಹಬೆ ಬಟ್ಟೆಯ ಬೆನ್ನಿನಿಂದ ಹತ್ತಿ ಮೇಲೆ ಬಂತು. ಮಲಗಿದ್ದ ಕೂದಲು, ನಿದ್ದೆಯಿಂದ ಎಬ್ಬಿಸಿದ ಮಕ್ಕಳ ಹಾಗೆ, ಒಲ್ಲದ ಮನಸ್ಸಿನಿಂದ ಎದ್ದು ಕೂತಿತು. ಬ್ರಷ್ಷು ಆಡಿಸಿದರೆ ನಿಂತೂ ಬಿಟ್ಟಿತು. ಎಲ್ಲ ಅಲ್ಲ. ಹೆಚ್ಚು ಸುಟ್ಟಿದ್ದವು ಏಳಲಿಲ್ಲ, ಅವನ್ನು ನೆಲ ಒರೆಸಲು ಇಟ್ಟರು.

"ನೋಡಯ್ಯ, ಮುಟ್ಟದೆ ಇಸ್ತ್ರಿ ಮಾಡೋ ಬಟ್ಟೇನೂ ಇದೆ ಪ್ರಪಂಚದಲ್ಲಿ" ಎಂದರು, ಬೆವರು ಒರೆಸಿಕೊಳ್ಳುತ್ತ. ಹಬೆಗೆ ಅವರ ಮೊಣಕೈವರೆಗೆ ಚರ್ಮ ಕೆಂಪಾಗಿತ್ತು. ಅದರ ಮಾತೇ ಎತ್ತಲಿಲ್ಲ.

ಇನ್ನು ಹೊಲಿಗೆ. ದರ್ಜಿಯ ಮಷೀನಿನಲ್ಲಿ ಕೂತರೆ ಮಖಮಲ್ಲಿನ ಮೇಲೆ ಮಖಮಲ್ಲು ಜಾರಿ, ಈ ತುದಿಯಲ್ಲಿ ಸಮವಾಗಿ ಹಿಡಿದದ್ದು ಆ ತುದಿಯಲ್ಲಿ ಗೇಣು ಓರೆ. ಬಿಚ್ಚಿದರು. ಕೈಯಲ್ಲೇ ಮೊದಲು ದೊಡ್ಡ ದೊಡ್ಡ ಟಾಕು ಹಾಕಿ ಹಿಡಿಸಿ, ಆಮೇಲೆ ಮಷೀನಿಗೆ ಕೊಟ್ಟರು. ಮೆಟ್ಟಿಲ ಕೆಳಗೆ ಒಂದು ಕಡೆ ಅಂಗಿಯ ಗಂಟು, ಇನ್ನೊಂದು ಕಡೆ ಕೆಂಪು ಬೆಟ್ಟ. ಮೆಟ್ಟಿಲು ಹತ್ತುವವರು ಇಣುಕಿ, "ಯಾವಾಗ ತೆರೆ ಏಳುತ್ತೆ ಅಕ್ಕಾ?" ಎಂದು ಕಿಚಾಯಿಸುತ್ತಿದ್ದರು. "ನೀನು ಸಂದಿ ಬಿಟ್ಟು ನಡೆದ್ರೆ ಬೇಗ ಏಳುತ್ತೆ, ಬೆಳಕಿಗೆ ಅಡ್ಡ ನಿಂತಿದ್ದೀಯ" ಎಂದು ಇವರು.

ಪರದೆ ಅರ್ಧವಾದಾಗ ವೇದಿಕೆಯ ಮೇಲೆ ತೂಗು ಹಾಕಿ ನೋಡೋಣ ಎಂದರು. ನಾನು ಮರದ ಕೋಲು ಕಟ್ಟಿದೆ. ಭಾರಕ್ಕೆ ನನ್ನ ಕೋಲು ಬಿಲ್ಲಾಯಿತು. "ನಿನ್ನ ಮರಕ್ಕೂ ನಿನ್ನಂಗೇ ಸೊಂಟನೋವು" ಎಂದು ಅತ್ತಿಗೆ ಹಂಗಿಸಿದರು. ಸರಿ, ಗುಜರಿಯಿಂದ ಕಬ್ಬಿಣದ ಕೊಳವೆ ತಂದು ಹಾಕಿದೆ. ಪರದೆ ನಿಂತಿತು. ದೀಪ ಹಚ್ಚಿದೆವು.

ನೆಲದ ಮೇಲೆ ಹಾಸಿದ್ದಾಗ ಒಂದೇ ಬಣ್ಣವಾಗಿದ್ದ ಬಟ್ಟೆ, ನಿಲ್ಲಿಸಿದರೆ ಚದುರಂಗದ ಹಲಗೆ! ಒಂದು ತುಂಡು ರಕ್ತಗೆಂಪು, ಪಕ್ಕದ್ದು ನಸುಗೆಂಪು, ಅದರ ಪಕ್ಕದ್ದು ಇದ್ದಿಲಿನಷ್ಟು ಕಪ್ಪು. ಅತ್ತಿಗೆ ಹತ್ತಿರ ಹೋಗಿ ಒಂದೊಂದು ತುಂಡನ್ನೂ ಅಂಗೈಯಿಂದ ಮೇಲೆ ಕೆಳಗೆ ಸವರಿದರು. ಮಖಮಲ್ಲಿಗೆ ಬೆಕ್ಕಿನ ಮೈಯ ಹಾಗೆ ಒಂದು ದಿಕ್ಕಿದೆ. ಒಂದು ಕಡೆಗೆ ಸವರಿದರೆ ನುಣುಪು, ಎದುರು ಸವರಿದರೆ ಒರಟು. ತಲೆಕೆಳಗು ಹೊಲಿದ ತುಂಡಿಗೆ ಬೆಳಕು ಬಿದ್ದರೆ ಬಣ್ಣವೇ ಬೇರೆ. ನಾವು ಹೇಗೆ ಕೈಗೆ ಸಿಕ್ಕಿತೋ ಹಾಗೆ ಹೊಲಿದಿದ್ದೆವು.

"ಬಿಚ್ಚಬೇಕು" ಎಂದರು.

"ಎಲ್ಲಾನಾ?"

"ಎಲ್ಲಾನೂ."

ಬಿಚ್ಚುವ ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ತಂಪು ಪಾನೀಯದ ಮಷೀನಿಗೆ ಹೇಳಿ ಬಂದಿದ್ದ ಅಧ್ಯಕ್ಷರಿಗೆ ಸಹನೆ ಮುಗಿದಿತ್ತು. ಮೆಟ್ಟಿಲ ಮೇಲೆ ನಿಂತು ಯಾರಿಗೋ ಹೇಳುವ ಹಾಗೆ ಹೇಳಿದರು: "ಹಗಲು ಹೊಲಿಯೋದು, ಆಮೇಲೆ ಬಿಚ್ಚೋದು. ಮುಗಿದ್ರೆ ಜಾಗ ಬಿಡ್ಬೇಕಲ್ಲ! ಬುದ್ಧಿವಂತೆ ಅಕ್ಕ ನಮ್ಮವಳು." ಅದು ಬೀದಿಯಲ್ಲಿ ಬಾಯಿಂದ ಬಾಯಿಗೆ ದಪ್ಪವಾಗುತ್ತ ಹೋಯಿತು. ಪೆಟ್ಟಿಗೆಯ ಗುರುತು ಬೇಕೆಂದೇ ಮಾಡಿದ್ದಂತೆ. ನನ್ನ ಕೋಲು ಬೇಕೆಂದೇ ಬಾಗಿದ್ದಂತೆ!

ಮನೆಗೆ ಬಂದು ನಾನೇ ಮಾತು ತೆಗೆದೆ. "ಅತ್ತಿಗೆ, ಹೆಂಗೂ ಕೆಟ್ಟ ಹೆಸರು ಬಂದಾಯ್ತು. ಹಾಗೇ ಮಾಡಿದ್ರೆ ಏನೀಗ? ನಿಧಾನಕ್ಕೆ ಹೊಲಿಯಿರಿ. ಒಂದು ತುಂಡು ಹಾಕಿ, ಎರಡು ಬಿಚ್ಚಿ. ಮಾತು ಕೊಟ್ಟೋರು ಅವರು. ಮುಗಿಯೋವರೆಗೂ ಯಾರೂ ಅಲ್ಲಾಡಿಸೋ ಹಾಗಿಲ್ಲ."

ಅತ್ತಿಗೆ ಊಟದ ತಟ್ಟೆ ಸರಿಸಿದರು. ನನ್ನ ಹೆಂಡತಿ ಒಳಗೆ ಹೋದಳು. ಅವಳಿಗೆ ಅತ್ತಿಗೆಯ ಮುಖ ನನಗಿಂತ ಚೆನ್ನಾಗಿ ಓದಲು ಬರುತ್ತದೆ.

"ನಿಮ್ಮಣ್ಣ ಹೋದಾಗ ಅನುಮಾನ ಪಟ್ಟವರಿದ್ರು, ಇವಳ ಕೈಲಾಗಲ್ಲ ಅಂತ. ಆಗ ನಾನು ಸುಮ್ಮನಿದ್ದೆ. ಯಾಕೆ ಗೊತ್ತಾ? ಬಟ್ಟೆ ಮಾತಾಡುತ್ತೆ ಅಂತ. ಈಗ ಕೈಲಾಗುತ್ತೆ, ಆದ್ರೂ ಮುಗಿಸಲ್ಲ ಕಳ್ಳಿ ಅಂತಿದ್ದಾರೆ. ನೀನೂ ಕಳ್ಳಿಯಾಗು ಅಂತೀಯ! ಜಾಗ ಬೇಕು ಕಣಯ್ಯ ನಂಗೆ. ಜಾಗ ಬೇಕೂಂತ ಅರ್ಧ ಕೆಲಸದ ಹಿಂದೆ ಬಚ್ಚಿಟ್ಕೊಂಡು ಕೂರಲ್ಲ. ಮುಗಿಸ್ತೀನಿ. ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಮುಗಿಸ್ತೀನಿ. ಆಮೇಲೆ ಯಾರು ಎಬ್ಬಿಸ್ತಾರೋ ಎಬ್ಬಿಸ್ಲಿ, ನೋಡ್ತೀನಿ."

ನಾನು ತಲೆ ಕೆಳಗೆ ಹಾಕಿ ಊಟ ಮಾಡಿದೆ.

ಅಲ್ಲಿಂದ ಆಚೆಗೆ ಅವರನ್ನು ಹಿಡಿಯುವವರಿರಲಿಲ್ಲ. ಪ್ರತಿ ತುಂಡನ್ನೂ ಸವರಿ, ಬೆನ್ನಿಗೆ ಸೀಮೆಸುಣ್ಣದಲ್ಲಿ ಬಾಣ ಬರೆದರು. ಕೂದಲು ಮೇಲ್ಮುಖವಾಗಿ ನಿಂತರೆ ಬಣ್ಣ ಗಾಢವೆಂದು ಕಂಡುಕೊಂಡು, ಎಲ್ಲ ಬಾಣಗಳೂ ಮೇಲೆ ಎಂದು ನಿಶ್ಚಯ ಮಾಡಿದರು. ನನಗೂ ದರ್ಜಿಗೂ ಅಪ್ಪಣೆ: "ಬಾಣ ನೋಡದೆ ಸೂಜಿ ಹಾಕಿದ್ರೆ ಕೈಗೆ ಪೆಟ್ಟಿಗೆ ಇಡ್ತೀನಿ." ದರ್ಜಿ ತನ್ನ ಕೆಲಸ ಬಿಟ್ಟು ಬಂದು ಕೂತಿದ್ದ. ಬೈಸಿಕೊಳ್ಳುವುದರಲ್ಲಿ ಅವನಿಗೆ ಏನು ಸುಖವಿತ್ತೋ ಕಾಣೆ. ನಡುವೆ ಮಖಮಲ್ಲು ಸಾಲದೆ ಹೋಯಿತು. ಗುಜರಿಯವನ ಬಳಿ ಬೆನ್ನುಗಳು ಮುಗಿದಿದ್ದವು. ಅತ್ತಿಗೆ ಹಳೆಯ ಸಾಮಾನಿನ ಸಂತೆಯಲ್ಲಿ ಅಲೆದು ಒಂದು ಮುರುಕು ಸೋಫಾ, ಬ್ಯಾಂಡಿನವರ ಹಳೇ ಕೋಟುಗಳು, ಇಂಥವನ್ನು ಹೆಕ್ಕಿ ತಂದರು. ಬಣ್ಣ ಒಂಚೂರು ಬೇರೆ. ಅವನ್ನು ಕೆಳ ಅಂಚಿಗೆ ಪಟ್ಟಿಯಾಗಿ ಹಾಕಿದರು, ಉದ್ದಕ್ಕೂ ಒಂದೇ ಸಮ. ಕೋಟಿನ ಜೇಬುಗಳ ಬಾಯಿ ಹೊಲಿದು ಮುಚ್ಚುವಾಗ ಒಂದರಲ್ಲಿ ಯಾರೋ ತುತ್ತೂರಿಯವನ ಹಲ್ಲುಕಡ್ಡಿ ಸಿಕ್ಕಿತು.

ಮುಂದಿನ ನಾಟಕಕ್ಕೆ ಮೊದಲೇ ಪರದೆ ಮುಗಿಯಿತು. ಮುಗಿದ ಸಂಜೆ ಅತ್ತಿಗೆ ತಾವೇ ಅಧ್ಯಕ್ಷರ ಕೋಣೆಗೆ ಹೋಗಿ, "ಪರದೆ ಆಯ್ತು. ಇನ್ನೊಂದು ಹೊಲಿಗೇನೂ ಬಾಕಿ ಇಲ್ಲ. ಬಂದು ನೋಡ್ಕೊಳ್ಳಿ" ಎಂದರು. ಅಧ್ಯಕ್ಷರು ನಂಬಿದ್ದ ಕಥೆಯಲ್ಲಿ ಈ ಪುಟವೇ ಇರಲಿಲ್ಲ.

ನಾಟಕದ ದಿನ ಭವನ ಕಿಕ್ಕಿರಿದಿತ್ತು. ದೀಪ ಆರಿ, ವೇದಿಕೆಯ ಬೆಳಕು ಮಾತ್ರ ಉಳಿದಾಗ, ಆ ಗೋಡೆಯಿಂದ ಈ ಗೋಡೆಯವರೆಗೆ ಒಂದೇ ಬಣ್ಣ, ಮಾಗಿದ ಹಣ್ಣಿನಂಥ ಕಡುಗೆಂಪು. ಒಂದು ಸುಕ್ಕಿಲ್ಲ ಎನ್ನುವಂತಿಲ್ಲ, ಮಖಮಲ್ಲಿಗೆ ಮಡಿಕೆಯೇ ಅಂದ. ಅದನ್ನು ಒಪ್ಪಿಕೊಳ್ಳಲು ಅತ್ತಿಗೆಗೆ ಎಷ್ಟು ಕಷ್ಟವಾಗಿತ್ತೆಂದು ನನಗೆ ಗೊತ್ತು. ಹಗ್ಗ ನಾನೇ ಎಳೆದೆ. ಬಲ ಮಗ್ಗುಲು ಸರಾಗವಾಗಿ ಸರಿಯಿತು. ಎಡ ಮಗ್ಗುಲು ನಡುವೆ ಸಿಕ್ಕಿಕೊಂಡಿತು. ಮುಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಅತ್ತಿಗೆ ಎದ್ದು ವೇದಿಕೆ ಹತ್ತಿ, ಎಡಗೈಯಿಂದ ಪರದೆಯ ಅಂಚು ಹಿಡಿದು ಒಂದೇ ಬೀಸಿಗೆ ಗೋಡೆಯವರೆಗೆ ಎಳೆದುಕೊಂಡು ಹೋದರು. ಜನ ನಾಟಕ ಶುರುವಾಗುವ ಮೊದಲೇ ಚಪ್ಪಾಳೆ ಹೊಡೆದರು.

ನಾಟಕ ಮುಗಿದ ಮೇಲೆ ಅಧ್ಯಕ್ಷರು ಮೈಕು ಹಿಡಿದು ಹೊಗಳಿದರು. ಹೊಗಳಿಕೆಯ ಕೊನೆಗೆ, "ಅಕ್ಕ ಮಾತಿನಂತೆ ಪರದೆ ಮುಗಿಸಿದ್ದಾರೆ. ಇನ್ನು ಅವರು ವಿಶ್ರಾಂತಿ ತಗೊಳ್ಳಲಿ. ನಾಳೆಯೇ ಮಷೀನು ಬರ್ತಿದೆ" ಎಂದು ಸೇರಿಸಿದರು.

ಅತ್ತಿಗೆ ಮೈಕು ಇಸಕೊಂಡರು. ಹಿಡಿದದ್ದು ಹೇಗೆಂದರೆ, ಪೆಟ್ಟಿಗೆಯ ಹಿಡಿಯನ್ನು ಹಿಡಿದ ಹಾಗೆ.

"ಪರದೆ ಮುಗೀತು. ನೀವೆಲ್ಲ ನೋಡಿದ್ರಿ. ಇಷ್ಟು ದಿನ ನಾನು ಬೇಕೂಂತ ಬಿಚ್ತಿದ್ದೀನಿ ಅಂದ್ರಿ. ಅದೂ ನಂಗೆ ಕೇಳಿಸ್ತು. ಕೆಲಸ ಹಿಡಿದ್ರೆ ಮುಗಿಸ್ಬೇಕು, ಮುಗಿಸಿದೆ. ಈಗ ಅಧ್ಯಕ್ಷರು ನಾಳೆ ಜಾಗ ಬಿಡು ಅಂತಾರೆ. ಬಿಡಲ್ಲ. ಅದು ಬೇರೆ, ಇದು ಬೇರೆ. ಪರದೆ ಕೊಟ್ಟು ಜಾಗ ಕೇಳ್ತಿಲ್ಲ ನಾನು. ಪರದೆ ಹಾಗೇ ಇಟ್ಕೊಳ್ಳಿ. ಜಾಗದಲ್ಲಿ ನಾನು ದುಡೀತಿದ್ದೀನಿ, ದುಡಿಯೋ ಕೈ ಇನ್ನೂ ಇದೆ, ಅದಕ್ಕೆ ಬಿಡಲ್ಲ. ಅಷ್ಟೇ."

ಮೈಕನ್ನು ಅಧ್ಯಕ್ಷರ ಕೈಗೇ ಇಟ್ಟು ಇಳಿದರು. ಆಮೇಲೆ ಹಿಂದಿನ ಸಾಲಿನಿಂದ ದರ್ಜಿ, "ಸರಿಯಾಗಿ ಹೇಳಿದ್ರಿ ಚಿಕ್ಕಮ್ಮಾ" ಎಂದು ಕೂಗಿದ. ಆಮೇಲಿನದು ಗದ್ದಲವೋ ಗದ್ದಲ.

ಬೆಳಿಗ್ಗೆ ಮಷೀನು ಬಂದೇ ಬಂತು. ಬೀರುವಿನಷ್ಟು ಎತ್ತರದ ಪೆಟ್ಟಿಗೆಯನ್ನು ಹೊತ್ತು ಆಳುಗಳು ಮೆಟ್ಟಿಲ ಮುಂದೆ ನಿಂತರು. ಅತ್ತಿಗೆ ಮೇಜಿನ ಹಿಂದೆ, ಇದ್ದಿಲು ಕೆಂಪಾಗಿ, ರಾಜನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ನಾಟಕದವರು ತಮ್ಮ ಉಡುಪನ್ನೆಲ್ಲ ಬೆಳಕು ಹರಿಯುವ ಮೊದಲೇ ತಂದು ಸುರಿದಿದ್ದರು. ಅದರ ಜೊತೆಗೆ, ವರ್ಷಗಟ್ಟಲೆ ಬಾರದಿದ್ದ ಮನೆಗಳ ಗಂಟುಗಳೂ ಬಂದಿದ್ದವು.

"ಅಕ್ಕಾ, ಇದೇನು ಹಟ?" ಎಂದರು ಅಧ್ಯಕ್ಷರು, ದನಿ ತಗ್ಗಿಸಿ.

"ನಿನ್ನೆ ಮೈಕಲ್ಲಿ ಹೇಳಿದ್ದು ಕೇಳಿಸ್ಲಿಲ್ವಾ? ಮತ್ತೆ ತರಿಸಿ, ಹೇಳ್ತೀನಿ."

"ಎಲ್ಲಿ ಇಳಿಸೋದು ಬೇಗ ಹೇಳಿ ಸ್ವಾಮಿ, ಸೊಂಟ ಮುರೀತಿದೆ" ಎಂದು ಆಳು ನರಳಿದ.

ಅಧ್ಯಕ್ಷರು ಮೆಟ್ಟಿಲು ನೋಡಿದರು, ಗಂಟುಗಳನ್ನು ನೋಡಿದರು, ಬೀದಿಯಲ್ಲಿ ಸೇರುತ್ತಿದ್ದ ಜನರನ್ನು ನೋಡಿದರು. ಕೊನೆಗೆ ಅದನ್ನು ತಮ್ಮ ಕೋಣೆಗೇ ಸಾಗಿಸಿದರು. ಅಲ್ಲಿ ಅದು ಈಗಲೂ ಗುಂಯ್ ಎನ್ನುತ್ತದೆ. ಬಾಟಲಿ ಬೇಕೆಂದವರು ಅಧ್ಯಕ್ಷರ ಮುಖ ನೋಡಿ ಗುಂಡಿ ಒತ್ತಬೇಕು, ಆದ್ದರಿಂದ ಯಾರೂ ಹೋಗುವುದಿಲ್ಲ.

ಜಾಗದ ವಿಷಯ ಇತ್ಯರ್ಥವಾಯಿತೆಂದು ನಾನು ಹೇಳುವುದಿಲ್ಲ. ಸಮಿತಿಯ ಸಭೆಗಳಲ್ಲಿ ಅದು ಇನ್ನೂ ಎದ್ದು ಕೂರುತ್ತದೆ. ಮೊನ್ನೆಯೂ ಅಧ್ಯಕ್ಷರು ಬಂದು, ಇನ್ನೊಮ್ಮೆ ಯೋಚನೆ ಮಾಡಿ ಎಂದರು. ಅತ್ತಿಗೆ ಪೆಟ್ಟಿಗೆಯನ್ನು ಕೆಳಗಿಡದೆ ಹೇಳಿದರು:

"ಎಬ್ಬಿಸೋ ಆಸೆ ಇದ್ರೆ ಬೆಳಿಗ್ಗೆ ಬೇಗ ಬನ್ನಿ. ಇದ್ದಿಲು ಹೊತ್ತಿಕೊಂಡ ಮೇಲೆ ನಂಗೆ ಮಾತಿಗೆ ಪುರುಸೊತ್ತಿಲ್ಲ."